ಕೈ ಮುಗಿಯುವ ಶನಿವಾರ

ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ, ದೊಡ್ಡ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಊರಿದೆ. ಸರ್ಕಾರದ ನಕ್ಷೆಯಲ್ಲಿ ಅದು ನೊಣ ಕೂತು ಎದ್ದುಹೋದಷ್ಟು ಗುರುತು. ಆದರೂ ಅಲ್ಲಿ ಒಂದು ಮಿಡ್ಲ್ ಸ್ಕೂಲು, ಒಂದು ಅಂಚೆ ಕಚೇರಿ, ಒಂದು ಔಷಧಾಲಯ ಮತ್ತು ಒಂದು ಪುಟ್ಟ ಪೊಲೀಸ್ ಠಾಣೆ ಇದ್ದುದರಿಂದ ನಾವು ಅದನ್ನು ಪಟ್ಟಣವೆಂದೇ ಕರೆಯುತ್ತಿದ್ದೆವು. ಕರೆಯಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಆ ಪಟ್ಟಣದ ಮಿಡ್ಲ್ ಸ್ಕೂಲಿನಲ್ಲಿ ನಾನು ಲೆಕ್ಕ ಹೇಳಿಕೊಡುತ್ತಿದ್ದೆ. ಅಲ್ಲಿ ಹೆಡ್‌ಮಾಸ್ಟರಾಗಿದ್ದವರು ನನ್ನ ಪಕ್ಕದ ಮನೆಯವರು. ಅವರು ತೀರಿಕೊಂಡು ಒಂದು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಬರೆದರೆ ಎಲ್ಲಿದ್ದರೂ ಎದ್ದು ಬಂದು, “ಏನ್ರೀ ಲೆಕ್ಕದ ಮೇಷ್ಟ್ರೇ, ನನ್ನ ಹೆಸರಿಂದ ಯಾರಿಗೇನ್ರೀ ಉಪಯೋಗ?” ಎಂದು ಕೇಳುವ ಮನುಷ್ಯ ಅವರು.

ಮುಚ್ಚುಗೊರಳಿನ ಕೋಟು, ಸರಿಗೆ ಮಾಸಿದ ಪೇಟ, ಕಚ್ಚೆಪಂಚೆ, ಕೈಯಲ್ಲಿ ಒಂದು ಕೊಡೆ. ನಡುರಸ್ತೆಯಲ್ಲಿ ನಿಂತು ಯೋಚನೆ ಮಾಡುವುದು ಅವರ ಅಭ್ಯಾಸ. ಸಂತೆಯ ದಿನ ಎದುರಿಗೆ ಬಂದ ಗಾಡಿಯ ಎತ್ತುಗಳು ಅವರನ್ನು ಒಂದು ಮರವೆಂದು ಭಾವಿಸಿ, ತಾವೇ ಸುತ್ತು ಹಾಕಿಕೊಂಡು ಹೋಗುತ್ತಿದ್ದವು. ಹೀಗೆ ನಿಂತಾಗಲೆಲ್ಲ ಅವರಿಗೆ ಯಾರದೋ ಒಂದು ಉಪಕಾರ ನೆನಪಿಗೆ ಬಂದಿದೆ ಎಂದು ನಾವು ತಿಳಿದುಕೊಳ್ಳಬೇಕಾಗಿತ್ತು.

ಉಪಕಾರ ಎಂದರೆ ಅವರಿಗೆ ಒಂದು ಬಗೆಯ ಕಾಯಿಲೆ. ನಮ್ಮ ನಿಮ್ಮಂಥವರು ಉಪಕಾರವನ್ನು ಪಡೆದು, ಬಾಯಿ ಒರೆಸಿಕೊಂಡು, ನೆಮ್ಮದಿಯಾಗಿ ಮರೆಯುತ್ತೇವೆ. ಅವರಿಗೆ ಅದು ಅರಗುತ್ತಿರಲಿಲ್ಲ. ಕೊನೆಗೆ ಈ ಅಜೀರ್ಣಕ್ಕೆ ಅವರೇ ಒಂದು ಔಷಧಿ ಕಂಡುಹಿಡಿದರು. ತಿಂಗಳ ಕೊನೆಯ ಶನಿವಾರ, ಬೆಳಗಿನ ಸ್ಕೂಲು ಮುಗಿದ ಮೇಲೆ, ಮೇಲಿನ ತರಗತಿಯ ಹುಡುಗರನ್ನು ಸಾಲಾಗಿ ಕರೆದುಕೊಂಡು ಊರಿನ ಯಾರಾದರೂ ಒಬ್ಬರ ಮನೆಗೆ ಹೋಗುವುದು. ದೊಡ್ಡವರ ಮನೆಗಲ್ಲ, ಅವರಿಗೆ ಕೈ ಮುಗಿಯಲು ಊರೇ ಇದೆ. ಬಾವಿಯ ಹೂಳೆತ್ತಿದವನು, ಅಂಚೆಚೀಲ ಹೊತ್ತು ತರುವವನು, ಬೀದಿ ದೀಪ ಹಚ್ಚುವವನು, ಇಂಥವರ ಮನೆಗೆ. ಮನೆ ಮುಂದೆ ನಿಂತು ಎಲ್ಲರೂ ಕೈ ಮುಗಿಯುವುದು, ತಟ್ಟೆ ಹಿಡಿದ ಹುಡುಗ ಮುಂದೆ ಬಂದು ಎರಡು ಮಾತು ಹೇಳುವುದು, ತಟ್ಟೆಯಲ್ಲಿದ್ದ ವೀಳ್ಯದೆಲೆ, ಬಾಳೆಹಣ್ಣು, ಒಂದಚ್ಚು ಬೆಲ್ಲ ಕೊಟ್ಟು ಬರುವುದು. ಹುಡುಗರು ಇದಕ್ಕೆ ‘ಕೈ ಮುಗಿಯೋ ಶನಿವಾರ’ ಎಂದು ಹೆಸರಿಟ್ಟರು. ಹೆಡ್‌ಮಾಸ್ಟರು ಬೇರೊಂದು ಸಂಸ್ಕೃತದ ಹೆಸರಿಟ್ಟಿದ್ದರು. ಅದು ಅವರ ಜೊತೆಯಲ್ಲೇ ಹೋಯಿತು.

ಇಷ್ಟು ಸಣ್ಣ ಕೆಲಸಕ್ಕೆ ಅವರು ಮಾಡಿದ್ದ ಕಟ್ಟಳೆಗಳು ಅರಮನೆಯ ದರ್ಬಾರಿಗೂ ಇರಲಾರವು. ಹೊರಟಲ್ಲಿಂದ ಆ ಮನೆ ಮುಟ್ಟುವವರೆಗೆ ಯಾರೂ ಮಾತನಾಡಕೂಡದು, ಯಾರು ಕರೆದರೂ ಓ ಎನ್ನಕೂಡದು; ದಾರಿಯುದ್ದಕ್ಕೂ ಆ ಉಪಕಾರವನ್ನೇ ನೆನೆಯುತ್ತಿರಬೇಕು. ತಟ್ಟೆಯ ಮೇಲೆ ಬಟ್ಟೆ ಮುಚ್ಚಿರಬೇಕು, ಇಲ್ಲದಿದ್ದರೆ ಕೊಡುವುದು ಜಂಬವಾಗುತ್ತದೆ. ಬರೀ ‘ಉಪಕಾರವಾಯಿತು’ ಎಂದರೆ ಸಾಲದು, ಯಾವ ಉಪಕಾರ ಎಂದು ಬಿಡಿಸಿ ಹೇಳಬೇಕು. ಕೇಳಿಸಿಕೊಂಡವರು ‘ಅದೇನು ಮಹಾ’ ಎನ್ನುವಂತಿಲ್ಲ. ಹಾಗೆಂದರೆ ಹೇಳಿದವನ ಮಾತನ್ನು ತಿಪ್ಪೆಗೆಸೆದ ಹಾಗೆ. ಅವರು ‘ಆಯಿತು’ ಎನ್ನಬೇಕು. ಅಷ್ಟು ಅನ್ನುವವರೆಗೆ ಬಂದವರು ಹಿಂದಿರುಗುವಂತಿಲ್ಲ.

ಈ ಕೊನೆಯ ಕಟ್ಟಳೆಯಿಂದ ನಾವು ಪಟ್ಟ ಪಾಡು ನಮಗೆ ಗೊತ್ತು. ಬೀದಿ ಗುಡಿಸುವ ಹೆಂಗಸಿನ ಗುಡಿಸಲಿಗೆ ಹೋದ ದಿನ, ಸ್ಕೂಲಿಗೆ ಸ್ಕೂಲೇ ಬಂದು ಕೈ ಮುಗಿದದ್ದನ್ನು ಕಂಡು ಆಕೆ ಒಳಗೆ ಓಡಿ ಬಿದಿರ ತಟ್ಟಿಯ ಬಾಗಿಲು ಎಳೆದುಕೊಂಡಳು. “ನನ್ಗ್ಯಾಕ್ ಬುದ್ದಿ ಕೈ ಮುಗ್ದೀರಿ? ನಾನೇನ್ ತಪ್ ಮಾಡಿವ್ನಿ?” ಎಂದು ಒಳಗಿನಿಂದ ಅಳು. ಹೊರಗೆ ಸುಡುಬಿಸಿಲು. ಹೆಡ್‌ಮಾಸ್ಟರು ಕದಲಲಿಲ್ಲ. ಬಿಸಿಲಲ್ಲಿ ಹುಡುಗರು ಬಾಡಿದರು, ಎಲೆ ಬಾಡಿತು, ನಾನಂತೂ ಸಾಲಿನ ಕೊನೆಯಲ್ಲಿ ಸಂಪೂರ್ಣವಾಗಿ ಬಾಡಿದ್ದೆ. ಕೊನೆಗೆ ಅಕ್ಕಪಕ್ಕದವರು ಬುದ್ಧಿ ಹೇಳಿದ ಮೇಲೆ ತಟ್ಟಿಯ ಸಂದಿಯಿಂದ ಆಕೆ, “ಆಯ್ತು ಕಣಪ್ಪ, ಆಯ್ತು, ಉಣ್ಣೋಗಿ ಮಕ್ಳಾ” ಎಂದಳು. ಕೃತಜ್ಞತೆಯ ಇತಿಹಾಸದಲ್ಲಿ ಅಷ್ಟು ಸಂತೋಷದಿಂದ ಯಾರೂ ಮನೆಗೆ ಓಡಿರಲಾರರು.

ಗಾಡಿ ಕಾರ್ಖಾನೆಯ ಸಾಬರ ಕಥೆ ಬೇರೆ. ಅವರು ಎತ್ತಿನ ಗಾಡಿಯ ಚಕ್ರ ಮಾಡುವವರು. ಅವರ ಚಕ್ರ ರತ್ನಾಪುರಿಯಿಂದ ರಾವಂದೂರಿನವರೆಗೆ ಎಲ್ಲ ರಸ್ತೆಗಳಲ್ಲಿ ಉರುಳುತ್ತಿತ್ತು. ಹುಡುಗರ ಮಾತು ಕೇಳಿ ಸಾಬರು ಗಡ್ಡ ನೀವಿಕೊಂಡು, “ಆಯಿತು ಮೇಷ್ಟ್ರೇ. ಚಕ್ರ ಮುರಿದ್ರೆ ಬೈಯೋಕೆ ಎಲ್ಲಾರೂ ಬರ್ತಾರೆ. ತಿರುಗ್ತಾ ಇದೆ ಅಂತ ಹೇಳೋಕೆ ಬಂದೋರು ನೀವೊಬ್ರೇ. ನಿಮ್ಮನ್ನ ನೋಡಿ, ಯಾವ ಚಕ್ರ ಮುರೀತೋ ಅಂತ ಎದೆ ಧಸಕ್ ಅಂತು” ಎಂದರು.

ಇಷ್ಟು ಓದಿದವರು ಇವರನ್ನು ಊರಿಗೊಬ್ಬ ಇರುವ ಸಾಧುಪ್ರಾಣಿ ಎಂದುಕೊಂಡರೆ ಅದು ತಪ್ಪು. ಅವರಲ್ಲಿ ಹಟವಿತ್ತು. ಅನ್ಯಾಯ ಕಂಡರೆ ಬೀದಿಗಿಳಿದು ಕೂಗುವುದು ಅವರಿಗೆ ಒಗ್ಗುತ್ತಿರಲಿಲ್ಲ. ಆದರೆ ತಮ್ಮ ಮನೆಯೊಳಗೆ ಆ ಅನ್ಯಾಯದ ತುಂಡೊಂದು ಇದೆಯೇ ಎಂದು ಹುಡುಕಿ, ಸಿಕ್ಕಿದರೆ ಹೊರಗೆಸೆಯದೆ ಬಿಡುತ್ತಿರಲಿಲ್ಲ. ಬೀದಿ ಗುಡಿಸುವ ಹೆಂಗಸಿಗೆ ಕೈ ಮುಗಿದು ಬಂದ ಸಂಜೆಯೇ, ಆಕೆಯ ಕೇರಿಯವರಿಗೆ ನೀರಿಲ್ಲ ಎಂಬುದು ಅವರಿಗೆ ಹೊಳೆಯಿತು. ಮರುದಿನ ತಮ್ಮ ಹಿತ್ತಿಲ ಬಾವಿಯನ್ನು ಆ ಕೇರಿಗೆ ತೆರೆದರು. ಅವರ ತಾಯಿ ಮಡಿಯ ಮುದುಕಿ. ಎರಡು ದಿನ ಊಟ ಬಿಟ್ಟು, ಮೂರನೆಯ ದಿನ ಗಾಡಿ ಕಟ್ಟಿಸಿ, ತಮ್ಮ ತಾಮ್ರದ ಬಿಂದಿಗೆಗಳೊಡನೆ ಮಗಳ ಮನೆಗೆ, ಎಡತೊರೆಗೆ, ಅಂದರೆ ಈಗಿನ ಕೃಷ್ಣರಾಜನಗರಕ್ಕೆ ಹೊರಟುಹೋದರು. ಆ ಮನೆಯಿಂದ ಹೊರಟ ಮೊದಲನೆಯ ಪ್ರತಿಭಟನೆಯ ಮೆರವಣಿಗೆ ಅದು. ಆಕೆ ಮತ್ತೆ ಬರಲಿಲ್ಲ. ಹೆಡ್‌ಮಾಸ್ಟರು ಬಾವಿ ಮುಚ್ಚಲೂ ಇಲ್ಲ.

ಇನ್ನೊಂದು ಸಲ ಊರ ಗೌಡರು ಸ್ವಾತಂತ್ರ್ಯ ಚಳವಳಿಯ ಬಾವುಟ ಹಿಡಿದು ಬಂದು, ನಾಳೆ ಸಭೆಯಿದೆ, ಹೆಡ್‌ಮಾಸ್ಟರು ಬರಲೇಬೇಕು ಎಂದು ಕೂತರು. ಇವರು, ನಿಮ್ಮ ಜೀತದಾಳನ್ನು ಒಂದು ದಿನ ನಿಮ್ಮ ಜಗಲಿಯ ಮೇಲೆ ಕೂರಿಸಿ ಊಟ ಹಾಕಿ, ಮಾರನೆಯ ದಿನ ನಿಮ್ಮ ಬಾವುಟ ನಾನೇ ಹಿಡಿಯುತ್ತೇನೆ ಎಂದರು. ಗೌಡರು ಗೊಣಗಿಕೊಂಡು ಎದ್ದುಹೋದರು. ಎಷ್ಟೋ ದಿನವಾದ ಮೇಲೆ ಮುಖ ಸಿಂಡರಿಸಿಕೊಂಡು ಬಂದು, “ಕೂರ್ಸಿ ಇಕ್ಕಿವ್ನಿ ಕಣ್ ಮೇಷ್ಟ್ರೆ. ಈಗ ಬನ್ನಿ” ಎಂದರು. ಹೆಡ್‌ಮಾಸ್ಟರು ಹೋಗಿ ಬಾವುಟ ಹಿಡಿದರು, ಕೊಡೆ ಹಿಡಿದ ಹಾಗೆ, ಅಡ್ಡಡ್ಡ. ಘೋಷಣೆ ಕೂಗುವಾಗ ಮಾತ್ರ ಬಾಯಿ ತೆರೆಯಲಿಲ್ಲವಂತೆ. ಜೀತದಾಳಿನ ಊಟದ ಕಥೆ ಏನಾಯಿತು ಎಂದು ಕೇಳುವಿರಾ? ಗೌಡರ ಮನೆಯಲ್ಲಿ ಅವನು ಈಗಲೂ ಜಗಲಿಯ ಮೇಲೇ ಉಣ್ಣುತ್ತಾನೆ. ಎಬ್ಬಿಸಲು ಗೌಡರಿಗೆ ನಾಚಿಕೆಯಾಯಿತು.

ಅವರ ಹೆಂಡತಿಗೆ ಮಾತ್ರ ಈ ಶನಿವಾರಗಳ ಬಗ್ಗೆ ಅಂಥ ಗೌರವವಿರಲಿಲ್ಲ. ನನ್ನ ಮನೆಯವಳ ಹತ್ತಿರ ಬೇಲಿಯಾಚೆಯಿಂದ ಹೇಳುತ್ತಿದ್ದರು: “ಊರಿಗೆಲ್ಲ ಕೈ ಮುಗೀತಾರೆ ಕಣ್ರೀ. ಮನೇಲಿ ಹುಳಿ ಚೆನ್ನಾಗಿದ್ರೆ ‘ಉಪ್ಪು ಸರಿಯಾಗಿದೆ’ ಅಂತಾರೆ. ಅಷ್ಟೇ ನನಗೆ ಬಂದಿರೋ ಬಹುಮಾನ.”

ಒಬ್ಬನೇ ಮಗ. ಮೈಸೂರಿನಲ್ಲಿ ಓದುತ್ತಿದ್ದ. ನಲವತ್ತೆರಡನೆಯ ಇಸವಿಯ ಮಳೆಗಾಲದಲ್ಲಿ ದೇಶಕ್ಕೆ ದೇಶವೇ ಬೀದಿಗಿಳಿಯಿತು. ಕಾಲೇಜುಗಳಿಗೆ ಬೀಗ ಬಿತ್ತು. ಹುಡುಗ ಮನೆಗೆ ಬಂದ. ಖಾದಿ ಜುಬ್ಬ, ಮೀಸೆ ಮೂಡುವ ಮುಖ, ಕಣ್ಣಿನಲ್ಲಿ ಒಂದು ಬೆಳಕು. ಆ ಮನೆಯಲ್ಲಿ ಅಪ್ಪನನ್ನು ‘ಅಣ್ಣ’ ಎಂದು ಕರೆಯುವ ರೂಢಿ. ಸಂಜೆ ಜಗಲಿಯ ಮೇಲೆ ಅಪ್ಪ ಮಗನ ವಾದ ನಡೆಯುತ್ತಿತ್ತು. ಪಕ್ಕದ ಜಗಲಿಯಲ್ಲಿ ನಾನಿರುತ್ತಿದ್ದೆ.

“ನೀವು ಕೈ ಮುಗಿದ್ರೆ ಬ್ರಿಟಿಷರು ಬಿಟ್ಟು ಹೋಗ್ತಾರಾ ಅಣ್ಣ?”

“ಅವರಿಗೆ ನಾನು ಕೈ ಮುಗಿದಿಲ್ಲವಲ್ಲೋ.”

“ಮುಗೀಬೇಡಿ. ಬೈಯಿರಿ. ಒಂದು ದಿನ ಬೈದು ನೋಡಿ.”

“ಬೈಯೋದು ಸುಲಭ ಕಣೋ. ಬೈದಾದ ಮೇಲೂ ನಾನು ಹಾಗೇ ಇರ್ತೀನಲ್ಲ.”

“ನೀವು ಬದಲಾದ್ರಿ, ಊರಲ್ಲಿ ಒಂದು ಬಾವಿ ಬದಲಾಯ್ತು. ಉಳಿದ ಬಾವಿಗಳು?”

ಹೆಡ್‌ಮಾಸ್ಟರು “ಒಳ್ಳೆ ಪ್ರಶ್ನೆ” ಎಂದರು. ತರಗತಿಯಲ್ಲಿ ಉತ್ತರ ಗೊತ್ತಿಲ್ಲದಾಗ ಅವರು ಹೇಳುತ್ತಿದ್ದ ಮಾತೇ ಅದು.

ಆ ತಿಂಗಳ ಕೊನೆಯ ಶನಿವಾರವೇ ಪೇಟೆ ಬೀದಿಯಲ್ಲಿ ಮೆರವಣಿಗೆ ಎಂದು ಗೊತ್ತಾಯಿತು. ಬೇರೆಲ್ಲೋ ಅಂಚೆ ಕಚೇರಿ ಸುಟ್ಟರಂತೆ, ಎಲ್ಲೋ ತಂತಿ ಕತ್ತರಿಸಿದರಂತೆ ಎಂಬ ಸುದ್ದಿ ದಿನವೂ ಬರುತ್ತಿತ್ತು. ನಮ್ಮ ಠಾಣೆಗೂ ಹೊರಗಿನಿಂದ ಹೊಸ ಪೇದೆಗಳನ್ನು ಕಳಿಸಿದ್ದರು. ಹೆಡ್‌ಮಾಸ್ಟರು ನಮ್ಮ ಶನಿವಾರವನ್ನು ನಿಲ್ಲಿಸಲಿಲ್ಲ. ಅಷ್ಟೇ ಅಲ್ಲ, ಈ ಸಲ ಠಾಣೆಗೇ ಹೋಗುವುದು ಎಂದರು. ಕಾರಣವಿತ್ತು. ಠಾಣೆಯಲ್ಲಿ ಬಹಳ ವರ್ಷದಿಂದ ಇದ್ದ ಹಳೆಯ ಪೇದೆ ಬೇಸಿಗೆಯಲ್ಲಿ ಕೆರೆಗೆ ಹಾರಿ, ಮುಳುಗುತ್ತಿದ್ದ ನಮ್ಮ ಹುಡುಗನೊಬ್ಬನನ್ನು ಎತ್ತಿ ತಂದಿದ್ದ. ಆ ಉಪಕಾರ ಹಾಗೆಯೇ ಉಳಿದಿತ್ತು.

ಬೆಳಿಗ್ಗೆ ಅವರ ಮನೆಯಲ್ಲಿ ನಡೆದ ಮಾತು ಗೋಡೆಯಾಚೆ ನನಗೂ ಕೇಳಿಸಿತು. “ಅವನ ಸ್ನೇಹಿತರೆಲ್ಲ ಮೆರವಣಿಗೇಲಿದಾರೆ. ಹೋಗ್ಲಿ ಬಿಡಿ ಅಂದ್ರೆ” ಎಂದು ಆಕೆ. “ತಟ್ಟೆ ಹಿಡಿಯೋಕೆ ದೊಡ್ಡ ಹುಡುಗರಿಲ್ಲ. ನಮ್ಮದು ಮುಗಿಸಿಕೊಂಡು ಎಲ್ಲಿಗೆ ಬೇಕಾದರೂ ಹೋಗಲಿ” ಎಂದು ಇವರು. ತಟ್ಟೆ ಹಿಡಿಯುವಷ್ಟು ದೊಡ್ಡ ಹುಡುಗರು ಸ್ಕೂಲಿನಲ್ಲಿ ಬೇಕಾದಷ್ಟಿದ್ದರು. ಹುಡುಗ ಒಂದು ಗಳಿಗೆ ಅಪ್ಪನ ಮುಖ ನೋಡಿ, ತಟ್ಟೆ ತೆಗೆದುಕೊಂಡನಂತೆ.

ಸ್ಕೂಲಿನ ಹಿಂದಿನ ಓಣಿಯಿಂದ ನಾವು ಹೊರಟೆವು. ಮುಂದೆ ತಟ್ಟೆ ಹಿಡಿದ ಮಗ, ಪಕ್ಕದಲ್ಲಿ ಕೊಡೆ ಹಿಡಿದ ಅಪ್ಪ, ಹಿಂದೆ ತಲೆ ತಗ್ಗಿಸಿ ನಡೆಯುವ ಹುಡುಗರು, ಕೊನೆಯಲ್ಲಿ ನಾನು. ಹಳೆಯ ಪೇದೆ ಠಾಣೆಯಲ್ಲಿರಲಿಲ್ಲ. ಊರವರ ಗುರುತು ಇರುವವನೆಂದು ಅವನನ್ನು ಪೇಟೆಯ ಮೆರವಣಿಗೆಯ ಜೊತೆಗೆ ಕಳಿಸಿದ್ದರು. ಠಾಣೆ ಕಾಯುತ್ತಿದ್ದವರು ಹೊಸಬರು. ಮೆರವಣಿಗೆ ಪೇಟೆಯಲ್ಲಿ ಕೂಗುತ್ತಿರುವಾಗ ಹಿಂದಿನ ಓಣಿಯಿಂದ ಬಂದು ಠಾಣೆ ಸುಡುತ್ತಾರೆ ಎಂದು ಅವರಿಗೆ ಯಾರೋ ಹೇಳಿಟ್ಟಿದ್ದರು.

ಕೂಗುವ ಗುಂಪಿಗೆ ಪೊಲೀಸಿನವರು ಅಷ್ಟು ಹೆದರುವುದಿಲ್ಲ. ಅದು ಎಲ್ಲಿದೆ, ಏನು ಬೇಕೆನ್ನುತ್ತದೆ, ಎಲ್ಲ ತಿಳಿಯುತ್ತದೆ. ತುಟಿ ಬಿಚ್ಚದೆ ಬರುವ ಗುಂಪಿನ ಬಗ್ಗೆ ಏನೂ ತಿಳಿಯುವುದಿಲ್ಲ. ದಫೇದಾರ ಮೆಟ್ಟಿಲ ಮೇಲಿಂದ, ಯಾರು, ನಿಲ್ಲಿ ಎಂದು ಕೂಗಿದ. ಕಟ್ಟಳೆಯ ಪ್ರಕಾರ ನಮ್ಮಲ್ಲಿ ಯಾರೂ ಓ ಎನ್ನಲಿಲ್ಲ. ಮತ್ತೆ ಕೂಗಿದ. ಹೆಡ್‌ಮಾಸ್ಟರು, ಒಂದು ನಿಮಿಷ ತಾಳು ಎನ್ನುವ ಹಾಗೆ ಕೊಡೆ ಎತ್ತಿದರು. ತಟ್ಟೆಯ ಮೇಲೆ ಬಟ್ಟೆ ಮುಚ್ಚಿತ್ತು. ಇದೇ ಅವರಿಗೆ ಅನುಮಾನ ಎಂದು ಹುಡುಗನಿಗೆ ಹೊಳೆದಿರಬೇಕು. ಬಿಚ್ಚಿ ತೋರಿಸೋಣವೆಂದು ಬಟ್ಟೆಯ ಕೆಳಗೆ ಕೈ ಹಾಕಿದ.

ಲಾಠಿ ಬೀಸಿದವನು ಹೆಗ್ಗಡದೇವನಕೋಟೆ ಕಡೆಯ ಎಳೆಯ ಪೇದೆ. ಒಂದೇ ಏಟು. ಹುಡುಗ ತಟ್ಟೆಯ ಮೇಲೇ ಬಿದ್ದ. ಬಾಳೆಹಣ್ಣು ಉರುಳಿತು, ಬೆಲ್ಲ ಉರುಳಿತು. ಅವುಗಳನ್ನು ಕಂಡ ಪೇದೆ ಲಾಠಿ ಬಿಸುಟು, ಹುಡುಗನನ್ನು ಎರಡು ತೋಳಿನಲ್ಲಿ ಎತ್ತಿಕೊಂಡು ಔಷಧಾಲಯದ ಕಡೆ ಓಡಿದ. ಅವನ ಹಿಂದೆ ಪೇಟವಿಲ್ಲದ ತಲೆಯಲ್ಲಿ ಹೆಡ್‌ಮಾಸ್ಟರು ಓಡಿದರು. ಅವರು ಓಡಿದ್ದನ್ನು ಆ ಊರು ಕಂಡಿದ್ದು ಅದೊಂದೇ ಸಲ.

ಔಷಧಾಲಯದಲ್ಲಿ ಹುಣಸೂರಿನ ಆಸ್ಪತ್ರೆಗೆ ಒಯ್ಯಿರಿ ಎಂದರು. ಸಾಬರು ಹೊಸ ಚಕ್ರ ಹಾಕಿದ್ದ ಗಾಡಿ ಕಟ್ಟಿ ತಾವೇ ಹೊಡೆದರು. ಮಗನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ತಾಯಿ, ಕಾಲು ಹಿಡಿದುಕೊಂಡು ತಂದೆ. ಲಕ್ಷ್ಮಣತೀರ್ಥದ ಸೇತುವೆ ಕಾಣುವ ಹೊತ್ತಿಗೆ ಆಕೆ, “ಗಾಡಿ ನಿಲ್ಲಿಸಿ ಸಾಬರೇ. ಇನ್ನು ಅಲುಗಿಸಬೇಡಿ ಅವನನ್ನ” ಎಂದರಂತೆ. ಸಾಬರು ಇದನ್ನು ನನಗೆ ಹೇಳಿದಾಗ ಗಡ್ಡ ನೀವಿಕೊಳ್ಳುತ್ತಿದ್ದ ಕೈ ಅಲ್ಲೇ ನಿಂತಿತ್ತು.

ಪೇಟೆಯ ಮೆರವಣಿಗೆಗೆ ಏನಾಯಿತು ಎಂಬುದನ್ನೂ ಬರೆಯಬೇಕು. ಏನೂ ಆಗಲಿಲ್ಲ. ಚೆನ್ನಾಗಿ ಕೂಗಿದರು, ಭಾಷಣ ಮಾಡಿದರು, ಹಳೆಯ ಪೇದೆಗೂ ಪಾನಕ ಕೊಟ್ಟರು, ಮಧ್ಯಾಹ್ನದ ಊಟಕ್ಕೆ ಎಲ್ಲರೂ ಮನೆ ಸೇರಿದರು.

ಸಂಜೆ ಮುಖಂಡರು ಬಂದು, ಹುಡುಗನನ್ನು ಬಾವುಟ ಹೊದಿಸಿ ಮೆರವಣಿಗೆಯಲ್ಲಿ ಒಯ್ಯಲು ಅಪ್ಪಣೆ ಕೇಳಿದರು. ಹೆಡ್‌ಮಾಸ್ಟರು ಒಳಬಾಗಿಲ ಕಡೆ ನೋಡಿದರು. ಒಳಗಿನಿಂದ ಆಕೆಯೇ ಬಂದು ಹೇಳಿದರು: “ಅವನಿಗೆ ಹೋಗಬೇಕು ಅಂತಿತ್ತು. ಈಗಲಾದರೂ ಹೋಗಲಿ.” ಹೋದ. ಊರೆಲ್ಲ ಕೂಗಿತು. ಅಪ್ಪ ಬೆಂಕಿಯ ಮಡಕೆ ಹಿಡಿದು, ಕೂಗದೆ, ಮುಂದೆ ನಡೆದರು.

ಮುಂದಿನ ತಿಂಗಳ ಕೊನೆಯ ಶನಿವಾರ ಬಂತು. ಯಾರೂ ಹೇಳದೆ ಹುಡುಗರು ಅಂಗಳದಲ್ಲಿ ನಿಂತಿದ್ದರು. ಹೆಡ್‌ಮಾಸ್ಟರು ಅವರನ್ನು ಮನೆಗೆ ಕಳಿಸಿ, ತಮ್ಮ ಮನೆಗೆ ಬಂದು ಅದೇ ತಟ್ಟೆ ತೆಗೆದುಕೊಂಡರು. ಅದರ ಒಂದು ಅಂಚು ತಗ್ಗಾಗಿತ್ತು. ಅವರು ಎಲ್ಲಿಗೆ ಹೊರಟರೆಂದು ತಿಳಿದ ಹೆಂಡತಿ ಅವರ ಹಿಂದೆಯೇ ಬಾಗಿಲು ಹಾಕಿ ಅಗುಳಿ ಸೇರಿಸಿದ ಶಬ್ದ ನನ್ನ ಜಗಲಿಗೆ ಕೇಳಿಸಿತು. ನಾನು ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆ ನಡೆದೆ. ಸಾಲಿನ ಕೊನೆಯಲ್ಲಿ ನಡೆಯುವುದು ನನಗೆ ಅಭ್ಯಾಸವಾಗಿತ್ತು, ಅಷ್ಟೇ.

ಠಾಣೆಯ ಮುಂದೆ ನಿಂತು ಅವರು ಆ ಎಳೆಯ ಪೇದೆಯನ್ನು ಕರೆಯಿರಿ ಎಂದರು. ಅವನು ಹಿಂದಿನ ಕೋಣೆಯಿಂದ ಬಂದ. ತಲೆ ಎತ್ತಲಿಲ್ಲ. ಹೆಡ್‌ಮಾಸ್ಟರು ಬಟ್ಟೆ ತೆಗೆದು, ಬಿಡಿಸಿ ಹೇಳಲು ಮಾತು ಹುಡುಕಿದರು.

“ನನ್ನ ಮಗನನ್ನ ಎತ್ತಿಕೊಂಡು ಔಷಧಾಲಯದವರೆಗೂ ಓಡಿದಿರಿ. ಅಷ್ಟು ಹೊತ್ತು ಅವನು ನೆಲದ ಮೇಲೆ ಬಿದ್ದಿರಲಿಲ್ಲ. ಅದಕ್ಕೆ.”

“ಒಡ್ದೋನೂ ನಾನೇ ಕಣ್ ಸೋಮಿ.”

“ಗೊತ್ತು. ಅದಕ್ಕೆ ಬಂದಿಲ್ಲ.”

ಅವನು ಗೋಡೆ ಹಿಡಿದುಕೊಂಡ. ‘ಆಯಿತು’ ಎನ್ನಬೇಕೆಂದು ನಾನು ಮೆಲ್ಲಗೆ ಹೇಳಿಕೊಟ್ಟೆ. ಅಂದ. ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ.

ಹಿಂದಿರುಗುವಾಗ ಅವರು ರಸ್ತೆಯ ನಡುವೆ ನಿಂತರು. ಎತ್ತಿನ ಗಾಡಿಯೊಂದು ಸುತ್ತು ಹಾಕಿಕೊಂಡು ಹೋಯಿತು. “ಲೆಕ್ಕದ ಮೇಷ್ಟ್ರೇ,” ಎಂದರು, “ಆವತ್ತು ನಾನು ಹೊರಟಿದ್ದು ಉಪಕಾರ ನೆನೆಯೋಕಲ್ಲ. ಅವನು ಆ ಕಡೆ ಹೋಗದೆ ಇರಲಿ ಅಂತ. ನನ್ನ ಹೆದರಿಕೆ ತಟ್ಟೇಲಿಟ್ಟು, ಬಟ್ಟೆ ಮುಚ್ಚಿ, ಅವನ ಕೈಗೆ ಕೊಟ್ಟೆ.” ಖಾಲಿ ತಟ್ಟೆಯನ್ನು ಅವರ ಕೈಯಿಂದ ನಾನು ತೆಗೆದುಕೊಂಡೆ.

ಅಲ್ಲಿಂದ ಮುಂದೆ ಅವರು ಹುಡುಗರನ್ನು ಶನಿವಾರಕ್ಕೆ ಕರೆದುಕೊಂಡು ಹೋಗಲಿಲ್ಲ. ಒಬ್ಬರೇ ಹೋಗುತ್ತಿದ್ದರು. ಹುಡುಗರು ಮೆರವಣಿಗೆಗೆ ಹೋಗುತ್ತೇವೆ ಎಂದರೆ ರಜ ಕೊಡುತ್ತಿದ್ದರು. “ಹೋಗಿ ಬನ್ನಿ. ಬಂದ ಮೇಲೆ ನಿಮ್ಮ ಮನೇಲಿ ಒಂದು ಏನಾದರೂ ಬದಲಾಯಿಸಿ” ಎನ್ನುತ್ತಿದ್ದರು. ಬದಲಾಯಿಸಿದ್ದನ್ನು ಬಂದು ಹೇಳಿ ಎಂದು ಒಮ್ಮೆಯೂ ಕೇಳಲಿಲ್ಲ. ತಾವೂ ಒಂದು ಬದಲಾಯಿಸಿಕೊಂಡರು. ಊಟ ಮುಗಿಸಿ ಏಳುವಾಗ ಹೆಂಡತಿಗೆ ಒಂದು ಮಾತು ಹೇಳಲು ಶುರುಮಾಡಿದರಂತೆ, ಇವತ್ತು ಇಂಥದಕ್ಕೆ ಎಂದು ಬಿಡಿಸಿ. ಆಕೆ ವರ್ಷಗಟ್ಟಲೆ ‘ಆಯಿತು’ ಎನ್ನಲಿಲ್ಲ. ಕಟ್ಟಳೆ ಕಟ್ಟಳೆಯೇ, ಅವರು ಎಂಜಲು ಕೈ ಒಣಗುವವರೆಗೂ ಅಡಿಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದರು. ಕೊನೆಗೆ ಆಕೆಯೇ ದೀಪ ತೆಗೆದುಕೊಂಡು ನಡುಮನೆಗೆ ಹೋಗುತ್ತಿದ್ದರು.

ಆ ಎಳೆಯ ಪೇದೆ ಕೆಲಸ ಬಿಟ್ಟ. ಊರಿಗೆ ಹೋಗದೆ ಸಾಬರ ಕಾರ್ಖಾನೆಗೆ ಸೇರಿದ. ಏಕೆ ಇಟ್ಟುಕೊಂಡಿರಿ ಎಂದು ನಾನು ಕೇಳಿದ್ದಕ್ಕೆ ಸಾಬರು, “ಮೇಷ್ಟ್ರು ಕೈ ಮುಗಿದೋನನ್ನ ನಾನು ಹ್ಯಾಗೆ ಓಡಿಸಲಿ?” ಎಂದರು. ಚಕ್ರ ಕೆತ್ತಿ ಉಳಿದ ಮರದ ತುಂಡುಗಳನ್ನು ಹೊರೆ ಕಟ್ಟಿ, ವಾರಕ್ಕೊಮ್ಮೆ ತಂದು ಹೆಡ್‌ಮಾಸ್ಟರ ಹಿತ್ತಿಲಿನ ಚಾವಣಿಯ ಕೆಳಗೆ ಒಟ್ಟಿ, ಮಾತನಾಡದೆ ಹೋಗುತ್ತಿದ್ದ. ಒಳ್ಳೆಯ ಮತ್ತಿ ಮರದ ತುಂಡುಗಳು. ಆಕೆ ಒಂದನ್ನೂ ಒಲೆಗೆ ಇಡಲಿಲ್ಲ. ಪೇಟೆಯಿಂದ ಹಸಿ ಸೌದೆ ತರಿಸಿ, ಹೊಗೆ ಕುಡಿದು, ಕೆಮ್ಮಿಕೊಂಡು ಅಡಿಗೆ ಮಾಡುತ್ತಿದ್ದರು. ಒಣಸೌದೆಯ ಒಟ್ಟಿಲು ಬಾವಿಯ ಪಕ್ಕದಲ್ಲಿ ಗೋಡೆಯೆತ್ತರ ಬೆಳೆಯಿತು. ಹೆಡ್‌ಮಾಸ್ಟರು ಅದರ ಮಾತೆತ್ತಲಿಲ್ಲ.

ಆಮೇಲೆ ಸ್ವಾತಂತ್ರ್ಯವೂ ಬಂತು. ಅದು ಬೀದಿಯಲ್ಲಿ ಕೂಗಿದವರಿಂದ ಬಂತೋ, ಮನೆಯಲ್ಲಿ ಬದಲಾದವರಿಂದ ಬಂತೋ, ನಾನು ಲೆಕ್ಕದ ಮೇಷ್ಟ್ರಾದರೂ ಈ ಲೆಕ್ಕ ನನ್ನಿಂದಾಗದು. ಆ ದಿನ ಹೆಡ್‌ಮಾಸ್ಟರು ಸ್ಕೂಲಿನಲ್ಲಿ ಬಾವುಟ ಏರಿಸಿದರು. ಹಗ್ಗ ತೊಡರಿಕೊಂಡು ಬಾವುಟ ಅರ್ಧದಲ್ಲಿ ನಿಂತಿತು. ಮೇಲಿನ ತರಗತಿಯ ಹುಡುಗನೊಬ್ಬ ಬಂದು ಎಳೆದುಕೊಟ್ಟ. “ಹಗ್ಗ ಎಳೆದುಕೊಟ್ಟೆ ಕಣಪ್ಪ, ಅದಕ್ಕೆ” ಎಂದು ಅವನಿಗೆ ಅಲ್ಲೇ ಕೈ ಮುಗಿದರು.

ಹೋದ ತಿಂಗಳು ಮೂರು ದಿನದ ಜ್ವರದಲ್ಲಿ ಅವರು ಹೋದರು. ಬಿಡದ ಮಳೆ. ಕೊಳ್ಳಿಯಿಡಲು ಕೃಷ್ಣರಾಜನಗರದಿಂದ ತಂಗಿಯ ಮಗ ಬಂದ. ಊರಿನಲ್ಲಿ ಎಲ್ಲಿ ಹುಡುಕಿದರೂ ಒಣ ಸೌದೆಯಿಲ್ಲ. ಡಿಪೋದಲ್ಲಿದ್ದದ್ದೂ ನೆನೆದು ತೊಪ್ಪೆಯಾಗಿತ್ತು. ಏನು ಮಾಡುವುದೆಂದು ನಾವು ಗಂಡಸರು ಜಗಲಿಯ ಮೇಲೆ ಗಂಭೀರವಾಗಿ ಸಮಾಲೋಚನೆ ನಡೆಸುತ್ತಿದ್ದಾಗ ಆಕೆ ಎದ್ದು ಬಂದು ಹಿತ್ತಿಲ ಬಾಗಿಲು ತೆರೆದು, ಕೈ ತೋರಿಸಿ ಒಳಗೆ ಹೋದರು. ಅಷ್ಟು ವರ್ಷದ ಒಟ್ಟಿಲು ಗಾಡಿ ತುಂಬಿತು.

ನಿನ್ನೆ ಶನಿವಾರ, ತಿಂಗಳ ಕೊನೆಯದು. ಗಂಡ ಹೋದ ಹೆಂಗಸು ವರ್ಷ ತುಂಬುವವರೆಗೆ ಇನ್ನೊಬ್ಬರ ಹೊಸಿಲು ತುಳಿಯಬಾರದೆಂಬ ರೂಢಿ ಇನ್ನೂ ನಮ್ಮಲ್ಲಿದೆ. ಮಧ್ಯಾಹ್ನ ನನ್ನ ಜಗಲಿಯ ಮುಂದೆ ಆಕೆ ನಿಂತಿದ್ದರು. ಕೈಯಲ್ಲಿ ಅಂಚು ತಗ್ಗಿದ ಆ ತಟ್ಟೆ, ಮೇಲೆ ಬಟ್ಟೆ. ಎಲೆ ಹಣ್ಣು ಕೊಡುವಂತಿಲ್ಲವಲ್ಲ, ಬೆಲ್ಲ ಮಾತ್ರ ಇತ್ತು.

“ಅವತ್ತು ಅವರು ಠಾಣೆಗೆ ಹೊರಟಾಗ ನಾನು ಬಾಗಿಲು ಹಾಕ್ಕೊಂಡೆ. ನೀವು ಚಪ್ಪಲಿ ಮೆಟ್ಕೊಂಡು ಹಿಂದೇನೇ ಹೋದ್ರಿ. ಅವರನ್ನ ಒಂಟಿಯಾಗಿ ಬಿಡಲಿಲ್ಲ. ಅದಕ್ಕೆ.”

‘ಅದೇನು ಮಹಾ ಅಮ್ಮ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಇಷ್ಟು ವರ್ಷ ಬೇರೆಯವರ ಮನೆ ಮುಂದೆ ನಿಂತು ಕಾದವನಿಗೆ, ಈ ಒಂದು ಮಾತು ಹೇಳಲು ಎಷ್ಟು ಕಷ್ಟವೆಂದು ಮೊದಲ ಸಲ ತಿಳಿಯಿತು. “ಆಯಿತಮ್ಮ” ಎಂದೆ.

“ಇನ್ನೂ ಒಂದು ಕಡೆ ಹೋಗಬೇಕು. ಅವರ ಜೊತೆ ಹೋದ್ರಿ. ನನ್ನ ಜೊತೆ ಬರ್ತೀರಾ?”

ಚಪ್ಪಲಿ ಮೆಟ್ಟಿಕೊಂಡೆ. ದಾರಿಯಲ್ಲಿ ಇಬ್ಬರೂ ಮಾತನಾಡಲಿಲ್ಲ. ಮಾತನಾಡಿಸಿದವರಿಗೆ ಓ ಎನ್ನಲಿಲ್ಲ.

ಸಾಬರ ಕಾರ್ಖಾನೆಯಲ್ಲಿ ಚಕ್ರಕ್ಕೆ ಕಾದ ಕಬ್ಬಿಣದ ಪಟ್ಟೆ ತೊಡಿಸುವ ಕೆಲಸ ನಡೆಯುತ್ತಿತ್ತು. ಆಕೆಯನ್ನು ಕಂಡು, ಹಿಂದೆ ಪೇದೆಯಾಗಿದ್ದ ಅವನು ಎದ್ದು, ಹಿಂದೆ ಹಿಂದೆ ಸರಿದು, ಗೋಡೆಗೆ ಒರಗಿದ. ಈಗ ಅವನ ತಲೆಯಲ್ಲೂ ಅಲ್ಲಲ್ಲಿ ನರೆ. ಆಕೆ ತಟ್ಟೆಯ ಬಟ್ಟೆ ತೆಗೆದರು.

“ನೀನು ತಂದು ಒಟ್ಟಿದ ಸೌದೆ ಒಣಗಿತ್ತಪ್ಪ. ಅಷ್ಟು ಮಳೆಯಲ್ಲೂ ಉರೀತು. ಅವರು ಬೇಗ ಹೋದರು. ಅದಕ್ಕೆ.”

ಅವನು ನನ್ನ ಮುಖ ನೋಡಿದ. ಏನನ್ನಬೇಕೆಂದು ಅವನಿಗೆ ಗೊತ್ತಿತ್ತು. ಹಿಂದೆ ನಾನೇ ಹೇಳಿಕೊಟ್ಟಿದ್ದೆ. ಬಾಯಿ ತೆರೆದ. ಮಾತು ಬರದೆ ಹಾಗೆಯೇ ಗೋಡೆಗುಂಟ ಜಾರಿ ನೆಲದ ಮೇಲೆ ಕೂತು ಮುಖ ಮುಚ್ಚಿಕೊಂಡ.

ಆಕೆ ಕದಲಲಿಲ್ಲ. ಹಿಂದೆ ನಾನು ನಿಂತೆ. ಸಾಬರು ಸುತ್ತಿಗೆ ಕೆಳಗಿಟ್ಟು, ಕೈ ಒರೆಸಿಕೊಂಡು ಬಂದು ನನ್ನ ಹಿಂದೆ ನಿಂತರು. ಹೀಗೆ ಮೂವರೂ ಸಾಲಾಗಿ ನಿಂತು, ಆ ಮನುಷ್ಯ ಅತ್ತು ಮುಗಿಸಲಿ ಎಂದು ಕಾದೆವು.